ಲಾಲ್‌ಬಾಗ್ ಬಂಡೆ: ಶಿಲೆ ಒಂದು, ಖನಿಜ ಹಲವು

ನೀವು ನಿಂತಿರುವುದು ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಮೇಲೆ. ಇದರ ಹೆಸರು ಪೆನಿನ್ಸುಲಾರ್ ನೈಸ್. ಭೂಮಿಯ ಆಳದ ಕಾವು ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿಕೊಂಡ ಶಿಲೆ ಇದು. ದಕ್ಷಿಣ ಕರ್ನಾಟಕದ ಬಹುಭಾಗಕ್ಕೆ ಇದೇ ಬುನಾದಿ.

ಖನಿಜವೆಂದರೆ ಪ್ರಕೃತಿಯಲ್ಲಿ ತಾನಾಗಿ ಉಂಟಾದ ಘನವಸ್ತು. ಅದಕ್ಕೆ ನಿಶ್ಚಿತ ರಾಸಾಯನಿಕ ರಚನೆ ಇದೆ. ಅದರ ಪರಮಾಣುಗಳು ಕ್ರಮಬದ್ಧವಾಗಿ ಜೋಡಣೆಯಾಗಿರುತ್ತವೆ. ಬೆಣಚುಕಲ್ಲು ಎಲ್ಲೇ ಸಿಗಲಿ, ಅದರಲ್ಲಿ ಒಂದು ಪಾಲು ಸಿಲಿಕಾನ್‌ಗೆ ಎರಡು ಪಾಲು ಆಮ್ಲಜನಕದ ಪರಮಾಣುಗಳಿರುತ್ತವೆ. ಶಿಲೆಗೆ ಇಂಥ ಒಂದೇ ಸೂತ್ರವಿಲ್ಲ. ಸಾಮಾನ್ಯವಾಗಿ ಹಲವು ಖನಿಜಗಳು ಚಿತ್ರಾನ್ನದ ಕಾಳುಗಳಂತೆ ಬೆರೆತು ಶಿಲೆಯಾಗುತ್ತವೆ. ಅವುಗಳ ಪ್ರಮಾಣ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ.

ಬಾಗಿ ನೋಡಿ: ಗಾಜಿನಂತೆ ಹೊಳೆಯುವ ಬೂದು ಕಣ ಬೆಣಚುಕಲ್ಲು. ಬಿಳಿ ಅಥವಾ ತಿಳಿಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್. ಬಿಸಿಲಿಗೆ ಮಿನುಗುವ ಕಪ್ಪು ಹಾಳೆ ಬಯೊಟೈಟ್, ಅಂದರೆ ಕಪ್ಪು ಅಭ್ರಕ. ತಿಳಿ ಮತ್ತು ಕಪ್ಪು ಖನಿಜಗಳು ಬೇರೆಬೇರೆ ಸಾಲುಗಟ್ಟಿರುವುದರಿಂದಲೇ ಬಂಡೆಯ ಮೇಲೆ ಈ ಪಟ್ಟೆಗಳು ಮೂಡಿವೆ.

ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಂಡೆಯ ಮೇಲೆ ಗೀಚಬೇಡಿ, ಚೂರು ಕೀಳಬೇಡಿ.