ಗಾಯದಿಂದ ಹುಟ್ಟಿಸಿದ ಕಾಯಿಲೆ

ವಯಸ್ಸಾದ ಕೆಲವರ ಕಣ್ಣಿನಲ್ಲಿ, ರೆಟಿನಾದ ಅಡಿಯಲ್ಲಿ, ಹೊಸ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಈ ನಾಳಗಳು ಸೋರುತ್ತವೆ. ಓದಲು, ಮುಖ ಗುರುತಿಸಲು ಬೇಕಾದ ನಡುವಿನ ದೃಷ್ಟಿಯೇ ಹಾಳಾಗುತ್ತದೆ. ಎಪ್ಪತ್ತರ ದಶಕದ ವೈದ್ಯರಿಗೆ ಕಾಯಿಲೆ ಕಾಣುತ್ತಿತ್ತು, ಅದರ ಹುಟ್ಟು ಕಾಣುತ್ತಿರಲಿಲ್ಲ. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ನಾಳ ಬೆಳೆದಾಗಿರುತ್ತಿತ್ತು.

1979ರಲ್ಲಿ ಅಮೆರಿಕದ ನೇತ್ರತಜ್ಞ ಸ್ಟೀಫನ್ ರಯಾನ್ ಕೋತಿಗಳ ಕಣ್ಣಿನಲ್ಲಿ ಆ ಹುಟ್ಟನ್ನು ತೋರಿಸಿದರು. ರೆಟಿನಾಕ್ಕೂ ಅದರ ಹಿಂದಿರುವ ಕೋರಾಯ್ಡ್ ಎಂಬ ರಕ್ತನಾಳಗಳ ಹಾಸಿಗೂ ನಡುವೆ ಬ್ರೂಕ್ ಪೊರೆ ಎಂಬ ತೆಳು ಗೋಡೆಯಿದೆ. ರಯಾನ್ ಲೇಸರ್ ಹಾಯಿಸಿ ಆ ಗೋಡೆಯನ್ನು ಒಡೆದರು. ಕೆಲವೇ ವಾರಗಳಲ್ಲಿ ಕೋರಾಯ್ಡಿನ ನಾಳಗಳು ಬಿರುಕಿನಿಂದ ಮೇಲೆದ್ದು ಬಂದವು. ವಿಚಿತ್ರವೆಂದರೆ, ಅದೇ ಕಾಲದಲ್ಲಿ ವೈದ್ಯರು ರೋಗಿಗಳ ಕಣ್ಣಿನಲ್ಲಿ ಇಂಥ ನಾಳಗಳನ್ನು ಸುಟ್ಟು ಮುಚ್ಚಲು ಬಳಸುತ್ತಿದ್ದುದೂ ಲೇಸರನ್ನೇ.

ಕೋತಿ ದುಬಾರಿ. ಎಂಬತ್ತರ ದಶಕದ ಕೊನೆಗೆ ಈ ಪ್ರಯೋಗ ಇಲಿಗಳಿಗೆ ಬಂತು, 1998ರಲ್ಲಿ ಇನ್ನೂ ಚಿಕ್ಕ ಜಾತಿಯ ಇಲಿಗಳಿಗೆ. ಅವುಗಳಲ್ಲಿ ಒಂದೊಂದೇ ಜೀನನ್ನು ತೆಗೆದುಹಾಕಿ ನೋಡಬಹುದಿತ್ತು. ಹೆಚ್ಚಾಗಿ ಕಪ್ಪು ಇಲಿಯನ್ನೇ ಆರಿಸುತ್ತಾರೆ. ಲೇಸರಿನ ಶಾಖವನ್ನು ಹೀರಿಕೊಳ್ಳಲು ಕಣ್ಣಿನಲ್ಲಿ ಮೆಲನಿನ್ ಬೇಕು. ಲೇಸರ್ ತಾಗಿದ ಜಾಗದಲ್ಲಿ ಒಂದು ಸಣ್ಣ ಗುಳ್ಳೆ ಏಳಬೇಕು. ಎದ್ದರೆ ಪೊರೆ ಒಡೆದಿದೆ ಎಂದರ್ಥ. ಒಂದೆರಡು ವಾರ ಕಾದರೆ ನಾಳಗಳನ್ನು ಅಳೆಯಬಹುದು.

ಎಪ್ಪತ್ತು ವರ್ಷದ ಮನುಷ್ಯನಲ್ಲಿ ದಶಕಗಳ ಸವೆತದಿಂದ ಆಗುವುದನ್ನು ಎಳೆಯ ಪ್ರಾಣಿಯಲ್ಲಿ ಕ್ಷಣಾರ್ಧದಲ್ಲಿ ಮಾಡಿದರೆ ಅದು ಅದೇ ಕಾಯಿಲೆಯೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ಅದು ಗಾಯ. ಬಿಟ್ಟರೆ ಕಾಲಕ್ರಮೇಣ ತಾನಾಗಿಯೇ ತಣ್ಣಗಾಗುತ್ತದೆ. ಅದೂ ಅಲ್ಲದೆ, ಇಲಿಗೆ ಮನುಷ್ಯರಂತೆ ಮ್ಯಾಕ್ಯುಲಾವೇ ಇಲ್ಲ.

ಹಾಗಿದ್ದೂ ಈ ಗಾಯ ಔಷಧ ಕೊಟ್ಟಿತು. ನಾಳಗಳನ್ನು ಬೆಳೆಸುವ ವಿಇಜಿಎಫ್ ಪ್ರೋಟೀನನ್ನು ತಡೆಯುವ ರಾನಿಬಿಜುಮಾಬ್ ಇಲಿಯ ವಿಇಜಿಎಫ್‌ಗೆ ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಮತ್ತೆ ಕೋತಿಯ ಬಳಿಗೇ ಹೋಗಬೇಕಾಯಿತು. 2002ರಲ್ಲಿ, ಲೇಸರ್ ತಾಗಿದ ಕೋತಿಗಳ ಕಣ್ಣಿನಲ್ಲಿ ಅದು ಸೋರುವ ನಾಳಗಳನ್ನು ತಡೆದದ್ದು ವರದಿಯಾಯಿತು. 2006ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಪರೀಕ್ಷೆಯಲ್ಲಿ ಹೆಚ್ಚಿನ ಡೋಸ್ ಪಡೆದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನ, ದೃಷ್ಟಿ ಫಲಕದಲ್ಲಿ ಮೊದಲಿಗಿಂತ 15 ಅಥವಾ ಅದಕ್ಕಿಂತ ಹೆಚ್ಚು ಅಕ್ಷರ ಓದಿದರು.

ಅದೇ 2006ರಲ್ಲಿ ಇನ್ನೊಂದು ಫಲಿತಾಂಶ ಬಂತು. ವಿಇಜಿಎಫ್ ಜೊತೆಗೆ ಪಿಡಿಜಿಎಫ್ ಎಂಬ ಪ್ರೋಟೀನನ್ನೂ ತಡೆದರೆ ಇಲಿಗಳಲ್ಲಿ ನಾಳಗಳು ಇನ್ನಷ್ಟು ಕುಗ್ಗುತ್ತಿದ್ದವು. ಹತ್ತು ವರ್ಷಗಳ ಬಳಿಕ ಪಿಡಿಜಿಎಫ್ ತಡೆಯುವ ಫೋವಿಸ್ಟಾ ಎಂಬ ಔಷಧವನ್ನು ರಾನಿಬಿಜುಮಾಬ್ ಜೊತೆ ಕೊಟ್ಟು ನೋಡಿದಾಗ, ಎರಡು ದೊಡ್ಡ ಪರೀಕ್ಷೆಗಳಲ್ಲೂ ರೋಗಿಗಳ ದೃಷ್ಟಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಮುದಿ ಇಲಿಗಳಲ್ಲಿ ನಾಳಗಳು ತಾವಾಗಿಯೇ ಹುಟ್ಟುವ ಮಾದರಿಗಳೂ ಬಂದಿವೆ. ಆದರೆ ಅವುಗಳಿಗೆ ವರ್ಷಕ್ಕೂ ಹೆಚ್ಚು ಕಾಯಬೇಕು. ಕಾದರೂ ಎಲ್ಲ ಇಲಿಗಳಲ್ಲೂ ನಾಳ ಹುಟ್ಟುವುದಿಲ್ಲ. ಐದು ವರ್ಷದ ಶಿಷ್ಯವೇತನದ ಮೇಲೆ ಪಿಎಚ್.ಡಿ. ಮಾಡುವ ನಮ್ಮಂಥವರು ಎರಡು ವಾರದ ಲೇಸರನ್ನೇ ಆರಿಸಿಕೊಳ್ಳುತ್ತೇವೆ.