ಇಂಟರ್‌ವ್ಯೂನಲ್ಲಿ ನಾವೂ ಪರೀಕ್ಷೆ ಮಾಡಬೇಕು



ಮೂಡಲಪಾಳ್ಯದ ನಮ್ಮ ಬೀದಿ ಹುಡುಗಿಯೊಬ್ಬಳು ಮೊನ್ನೆ ಸಂಜೆ ಮನೆಗೆ ಬಂದಿದ್ದಳು. ಬಿ.ಕಾಂ. ಮುಗಿಸಿದ್ದಾಳೆ. "ಅಣ್ಣಾ, ಇಂಟರ್‌ವ್ಯೂ ಚೆನ್ನಾಗೇ ಆಯ್ತು. ಅಪ್ಪ ಏನ್ ಮಾಡ್ತಾರೆ, ಊರಲ್ಲಿ ನಿಮ್ಮನೆ ಯಾವ ಕಡೆ ಅಂತ ಕೇಳಿದ್ರು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟು ಸೋಮವಾರದಿಂದ ಬಾ ಅಂದ್ರು. ಹೋಗ್ಲಾ?" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ಬಾಬಾಸಾಹೇಬರೂ ಬಾಂಡ್ ಬರೆದುಕೊಟ್ಟವರೇ. 1913ರಲ್ಲಿ ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೋಗುವಾಗ, ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದಲ್ಲಿ ಕೆಲಸ ಮಾಡ್ತೀನಿ ಅಂತ ಕರಾರು. 1917ರಲ್ಲಿ ಕೊಲಂಬಿಯಾದಲ್ಲಿ ಓದಿದ ಆ ಮನುಷ್ಯ ಬರೋಡಾಕ್ಕೆ ಬಂದರೆ, ಕಚೇರಿಯ ಜವಾನರು ಫೈಲನ್ನು ದೂರದಿಂದ ಎಸೆದರು. ಕುಡಿಯೋಕೆ ನೀರಿಲ್ಲ. ಇರೋಕೆ ಮನೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಉಳಿದುಕೊಂಡರೆ, ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಕೊನೆಗೆ ಊರು ಬಿಟ್ಟು ಮುಂಬೈ ರೈಲು ಹತ್ತಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಛತ್ರದ ಕಥೆಯನ್ನು ಅವರೇ ಬರೆದಿದ್ದಾರೆ.

ಇದರಲ್ಲಿ ಪಾಠ ಏನು? ಕೆಲಸ ಕೊಟ್ಟ ಮಹಾರಾಜ ಒಳ್ಳೆಯವರೇ. ಆದರೆ ಕೊಟ್ಟವರು ಒಳ್ಳೆಯವರಾದ ಮಾತ್ರಕ್ಕೆ ಕೆಲಸದ ಜಾಗ ಒಳ್ಳೇದಾಗಿರಲ್ಲ.

1918ರಲ್ಲಿ ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸದಲ್ಲಿ ಮೀಸಲಾತಿಯ ದಾರಿ ತೆರೆಯಿತು. ಖಾಸಗಿಯವರ ಇಂಟರ್‌ವ್ಯೂ ರೂಮಿಗೆ ಆ ದಾರಿ ಇವತ್ತಿಗೂ ಮುಟ್ಟಿಲ್ಲ.

ಅಲ್ಲಿ ಏನು ನಡೆಯುತ್ತೆ ಅನ್ನೋದಕ್ಕೆ 2007ರ ಎರಡು ಅಧ್ಯಯನ ನೋಡಿ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಒಂದೇ ಥರದ ಓದು ತೋರಿಸಿ, ಹೆಸರು ಮಾತ್ರ ಬದಲಿಸಿ ಅರ್ಜಿ ಕಳಿಸಿದರು. ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೊಡ್ಡ ಕಂಪನಿಗಳ 25 ಎಚ್‌ಆರ್ ಮ್ಯಾನೇಜರ್‌ಗಳನ್ನು ಮಾತಾಡಿಸಿದರು. ಜಾತಿ ನೋಡಲ್ಲ, ಮೆರಿಟ್ ಅಷ್ಟೇ ಅಂದವರೇ "ಫ್ಯಾಮಿಲಿ ಬ್ಯಾಕ್‌ಗ್ರೌಂಡ್" ಮುಖ್ಯ ಅಂದರು. ನಮ್ಮ ಹುಡುಗಿಗೆ ಕೇಳಿದ್ದೂ ಅದೇ. ಜಾತಿ ಅನ್ನೋ ಪದ ಬಳಸದೆ ಜಾತಿ ಕೇಳೋದು.

ಹಾಗಾಗಿ ತಮ್ಮ ತಂಗಿಯರೇ, ಇಂಟರ್‌ವ್ಯೂಗೆ ಹೋದಾಗ ನೀವೂ ಕಣ್ಣು ಬಿಟ್ಟು ನೋಡಿ:

ಕೆಲಸದ ಬಗ್ಗೆ ಎರಡು ಪ್ರಶ್ನೆ, ಮನೆ ಬಗ್ಗೆ ಹತ್ತು ಪ್ರಶ್ನೆ ಆದರೆ ಹುಷಾರು.

ಕಸ ಗುಡಿಸೋ ಅಕ್ಕನನ್ನು ಹೇಗೆ ಮಾತಾಡಿಸ್ತಾರೆ, ಅವಳಿಗೆ ಲೋಟ ಬೇರೆ ಇಟ್ಟಿದಾರಾ, ನೋಡಿ. ನಾಳೆ ನಿಮಗೂ ಅದೇ.

ಸಂಬಳ, ಕೆಲಸದ ಹೊತ್ತು ಬರೆದ ಲೆಟರ್ ಕೇಳಿ. "ಆಮೇಲೆ ನೋಡೋಣ" ಅಂದರೆ ಆಮೇಲೆ ಬರಲ್ಲ.

20 ಜನ ಇದ್ದರೆ ಪಿಎಫ್, 10 ಜನ ಇದ್ದರೆ ಇಎಸ್ಐ. ಕೇಳಿದ ತಕ್ಷಣ ಮುಖ ಗಂಟಿಕ್ಕಿದರೆ ಉತ್ತರ ಸಿಕ್ಕಂಗೆ.

ಒರಿಜಿನಲ್ ಸರ್ಟಿಫಿಕೇಟ್ ತೋರಿಸಿ, ಬಿಟ್ಟು ಬರಬೇಡಿ. ಹಿಂದೆ ಗೌಡರ ಮನೇಲಿ ಸಾಲದ ಚೀಟಿ ಇಟ್ಟು ಜೀತಕ್ಕಿದ್ದವರು ನಾವು. ಆ ಪದ್ಧತಿ 1976ರ ಕಾಯ್ದೆಯಲ್ಲಿ ರದ್ದಾಯಿತು. ಈಗ ಮಾರ್ಕ್ಸ್ ಕಾರ್ಡ್ ಒತ್ತೆ ಇಡೋದಾ?

"ಅಣ್ಣಾ, ಮನೆ ಬಾಡಿಗೆ ಕಟ್ಟಬೇಕಲ್ಲ" ಅಂದಳು. ನಿಜ. ಬೇಡ ಅನ್ನೋ ಅನುಕೂಲ ನಮಗೆ ಎಲ್ಲಾ ಸಲ ಇರಲ್ಲ. "ಹೋಗಲೇಬೇಕಾದ್ರೆ ಹೋಗವ್ವ. ಜೆರಾಕ್ಸ್ ಕೊಡು. ಲೆಟರ್ ಕೇಳು. ನಡೆದದ್ದನ್ನ ತಾರೀಖು ಹಾಕಿ ಬರೆದಿಡು. ಬೇರೆ ಕಡೆ ಅರ್ಜಿ ಹಾಕೋದು ನಿಲ್ಲಿಸಬೇಡ" ಅಂದೆ.

ಬಾಬಾಸಾಹೇಬರು ಬರೋಡಾ ಬಿಟ್ಟರು, ಓದು ಬಿಡಲಿಲ್ಲ. ನಿಮ್ಮ ಇಂಟರ್‌ವ್ಯೂನಲ್ಲಿ ಏನೇನು ಕೇಳಿದ್ರು, ಕೆಳಗೆ ಬರೀರಿ. ಮುಂದೆ ಹೋಗೋರಿಗೆ ದಾರಿ ಆಗುತ್ತೆ.

ಜೈ ಭೀಮ್.