ಗೋಡೆ ಕುಸಿದಾಗ ದೇವರು ಎಲ್ಲಿದ್ದರು?

(ಸಕಲ ಸಂತರ ಹಬ್ಬ ಹಾಗೂ ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ನಿಮಿತ್ತ)



ನವೆಂಬರ್ ತಿಂಗಳ ಮೊದಲ ಎರಡು ದಿನಗಳು ಧರ್ಮಸಭೆಗೆ ಜೋಡಿ ಹಬ್ಬಗಳಿದ್ದಂತೆ. ಒಂದನೆಯ ತಾರೀಖು ಸ್ವರ್ಗದ ಮಹಿಮೆಯಲ್ಲಿರುವ ಸಕಲ ಸಂತರನ್ನು ಕೊಂಡಾಡುತ್ತೇವೆ. ಮರುದಿನ ಸಮಾಧಿಗಳನ್ನು ಶುಚಿ ಮಾಡಿ, ಹೂವಿಟ್ಟು, ಮೇಣದಬತ್ತಿ ಹಚ್ಚಿ, ನಮ್ಮನ್ನು ಅಗಲಿದವರಿಗಾಗಿ ಪ್ರಾರ್ಥಿಸುತ್ತೇವೆ. ತುಂಬು ಜೀವನ ನಡೆಸಿ ಹೋದವರ ಸಮಾಧಿಯ ಮುಂದೆ ಮನಸ್ಸು ಶಾಂತವಾಗಿರುತ್ತದೆ. ಆದರೆ ಕೆಲವು ಸಣ್ಣ ಸಮಾಧಿಗಳಿವೆ. ಅವುಗಳ ಮುಂದೆ ಪ್ರಾರ್ಥನೆಗಿಂತ ಮೊದಲು ಪ್ರಶ್ನೆ ಏಳುತ್ತದೆ.

ಆ ಪ್ರಶ್ನೆಯನ್ನು ನಾವು ಮುಖಾಮುಖಿಯಾಗಿ ಕೇಳಿದ್ದು 2019ರ ಆಗಸ್ಟ್‌ನಲ್ಲಿ. ಆ ಬೇಸಿಗೆಯಲ್ಲಿ ಕೊಡ ನೀರಿಗೆ ಪರದಾಡಿದ್ದ ನಮ್ಮ ಸೀಮೆಯಲ್ಲಿ ಮಳೆಗಾಲ ಬಂದಾಗ ನೀರಿಗೆ ಮಿತಿಯೇ ಉಳಿಯಲಿಲ್ಲ. 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಜಲಾಶಯದಿಂದ ಘಟಪ್ರಭೆಗೆ ನೀರು ಬಿಡಬೇಕಾಯಿತು. ಹಿರಣ್ಯಕೇಶಿ ಆ ಅಣೆಕಟ್ಟಿನ ಕೆಳಗೆ ಬಂದು ಸೇರುವ ನದಿ, ಅದರ ನೀರನ್ನು ಹಿಡಕಲ್ ತಡೆಯಲಾರದು. ಗೋಕಾಕದ ಬಳಿ ಮಾರ್ಕಂಡೇಯವೂ ಕೂಡಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪಟ್ಟಣದ ಓಣಿಗಳಿಗೆ ನದಿ ನುಗ್ಗಿತು. ನದಿ ಮುಟ್ಟದ ಊರುಗಳಲ್ಲಿ ಕೂಡ ದಿನಗಟ್ಟಲೆ ನೆನೆದ ಮಣ್ಣಿನ ಗೋಡೆಗಳು ಕುಸಿದವು.

ಹತ್ತರಗಿ ಭಾಗದ ಅಂಥ ಒಂದು ಮನೆಗೆ ನಾವು ಹೋದೆವು. ರಾತ್ರಿ ಗೋಡೆ ಬಿದ್ದು ಮೊಮ್ಮಗ ತೀರಿಹೋಗಿದ್ದ. ಅಜ್ಜಿ ನಮ್ಮನ್ನು ನೋಡಿ ಅಳಲಿಲ್ಲ, ಕೇಳಿದರು: “ಫಾದರ್, ದೇವರು ಪ್ರೀತಿಯ ತಂದಿ ಅಂತ ನೀವು ಹೇಳ್ತೀರಿ. ತಂದಿ ಆದಾವ ಮಗನ ಮ್ಯಾಲ ಗೋಡಿ ಕೆಡವ್ತಾನೇನ್ರಿ?” ಸೆಮಿನರಿಯಲ್ಲಿ ವರ್ಷಗಟ್ಟಲೆ ದೈವಶಾಸ್ತ್ರ ಓದಿದ ನಮ್ಮ ಬಾಯಿಂದ ಬಂದ ಮಾತು ಒಂದೇ: “ಎಲ್ಲಾ ದೇವರ ಚಿತ್ತ, ಅವ್ವಾ.” ಅಜ್ಜಿ ಮುಖ ಆಚೆ ತಿರುಗಿಸಿದರು. ಆ ತಿರುಗಿದ ಮುಖ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಅಜ್ಜಿಯ ಪ್ರಶ್ನೆ ಹೊಸದಲ್ಲ. ಚರಿತ್ರೆಯಲ್ಲಿ ಅದನ್ನು ಹಿಂದೆ ಯಾರು ಕೇಳಿದರು, ಏನು ಉತ್ತರ ಸಿಕ್ಕಿತು ಎಂದು ಈ ಹಬ್ಬದಲ್ಲಿ ಸ್ವಲ್ಪ ಯೋಚಿಸೋಣ.

ಹಬ್ಬದ ದಿನದ ಭೂಕಂಪ

ಗೋವೆಯಿಂದ ಘಟ್ಟ ಹತ್ತಿ ಬಂದ ಕುಟುಂಬಗಳು ನಮ್ಮ ಬೆಳಗಾವಿ ಧರ್ಮಪ್ರಾಂತ್ಯದಲ್ಲಿ ಅನೇಕ. ಆ ಗೋವೆಯನ್ನು ಅಂದು ಆಳುತ್ತಿದ್ದ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್. 1755ರ ನವೆಂಬರ್ 1, ಇದೇ ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ದೇವಾಲಯಗಳಲ್ಲಿ ತುಂಬಿದ್ದಾಗ ಭೂಮಿ ನಡುಗಿತು. ಪೂಜೆಯಲ್ಲಿದ್ದವರ ಮೇಲೆಯೇ ದೇವಾಲಯಗಳು ಕುಸಿದವು. ಹಬ್ಬಕ್ಕೆ ಹಚ್ಚಿದ್ದ ಮೇಣದಬತ್ತಿಗಳಿಂದಲೂ ಬೆಂಕಿ ಹತ್ತಿತು. ಸಮುದ್ರವೂ ಉಕ್ಕಿ ಬಂತು. ಸತ್ತವರು ಹತ್ತಾರು ಸಾವಿರ.

ಆಗ ಮೂರು ಬಗೆಯ ಮಾತು ಕೇಳಿಬಂತು. ಮಲಗ್ರಿಡಾ ಎಂಬ ಜೆಸ್ವಿತ್ ಗುರುಗಳು 1756ರಲ್ಲಿ ಕಿರುಹೊತ್ತಿಗೆ ಬರೆದು, ಇದು ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಜಗತ್ತಿನಲ್ಲಿ ಆಗುವುದೆಲ್ಲ ಒಟ್ಟಾರೆ ಒಳ್ಳೆಯದಕ್ಕೇ ಎಂದು ಆ ಕಾಲದ ತತ್ವಜ್ಞಾನಿಗಳು ಮೊದಲಿನಿಂದಲೂ ಹೇಳುತ್ತಿದ್ದರು. ಫ್ರಾನ್ಸಿನ ವೋಲ್ಟೇರ್ ಅದನ್ನು ಕವನದಲ್ಲಿಯೂ ಕಥೆಯಲ್ಲಿಯೂ ಕಟುವಾಗಿ ಖಂಡಿಸಿದರು. ಮೂರನೆಯದು ಮಾತಿಗಿಂತ ಹೆಚ್ಚಾಗಿ ಕೆಲಸ. ಮಂತ್ರಿಯಾಗಿದ್ದ ಪೊಂಬಾಲ್, ಹೆಣಗಳ ವಿಲೇವಾರಿ ಮತ್ತು ಬದುಕಿದವರ ಊಟದ ಏರ್ಪಾಟು ಮಾಡಿಸಿ, ಧರ್ಮಕೇಂದ್ರಗಳ ಗುರುಗಳಿಗೆ ಪ್ರಶ್ನಾವಳಿ ಕಳುಹಿಸಿದರು: ಭೂಮಿ ಎಷ್ಟು ಹೊತ್ತು ನಡುಗಿತು, ಎಲ್ಲಿ ಬಿರುಕು ಬಿಟ್ಟಿತು, ಸಮುದ್ರ ಏನು ಮಾಡಿತು? ಭೂಕಂಪಶಾಸ್ತ್ರದ ಆರಂಭಕ್ಕೆ ನೆರವಾದ ದಾಖಲೆಗಳಲ್ಲಿ ಆ ಗುರುಗಳ ಉತ್ತರಗಳೂ ಸೇರಿವೆ.

ಶಿಕ್ಷೆಯ ವಾದಕ್ಕೆ ನಮ್ಮ ಪ್ರಭುವೇ ಉತ್ತರ ಕೊಟ್ಟಿದ್ದಾರೆ. ಸಿಲೋವ ಗೋಪುರ ಕುಸಿದು 18 ಮಂದಿ ಸತ್ತ ಸುದ್ದಿ ಎತ್ತಿ, ಅವರು ಜೆರುಸಲೇಮಿನ ಉಳಿದೆಲ್ಲರಿಗಿಂತ ದೊಡ್ಡ ದೋಷಿಗಳೇನು ಎಂದು ಕೇಳಿ, ಖಂಡಿತ ಅಲ್ಲ ಎಂದರು (ಲೂಕ 13). ಹುಟ್ಟುಕುರುಡನ ವಿಷಯದಲ್ಲಿಯೂ ಅವನ ಪಾಪ, ತಂದೆತಾಯಿಯರ ಪಾಪ ಎರಡನ್ನೂ ಅಲ್ಲಗಳೆದರು (ಯೊವಾನ್ನ 9). ಕುಸಿದ ಗೋಡೆಯ ಕೆಳಗೆ ಪಾಪದ ಲೆಕ್ಕ ಹುಡುಕುವವರು ಯೇಸುವಿನ ಮಾತು ಕೇಳಿಲ್ಲ.

ನಮ್ಮ ನೆಲದ ಬರ

1876ರಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಮಳೆ ಕೈಕೊಟ್ಟಿತು. ಆ ಬರ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟಿತು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲೇ 50 ಲಕ್ಷಕ್ಕೂ ಹೆಚ್ಚು ಜನ ಸತ್ತರು. ದೇವರು ಮುನಿದಿದ್ದಾರೆಂದು ಜನ ನಂಬಿದರೆ ಆಶ್ಚರ್ಯವಿಲ್ಲ. ಮಳೆ ನಿಲ್ಲಿಸಿದವರು ಮನುಷ್ಯರಲ್ಲ, ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಗೋಧಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. 1877ರ ಜನವರಿಯಲ್ಲಿ, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊರುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದು ಆಣೆಗೆ ಇಳಿಸಲಾಯಿತು. ಅದನ್ನು ಇಳಿಸಿದ್ದು ಆಕಾಶವಲ್ಲ, ಅಧಿಕಾರಿಗಳ ಲೇಖನಿ.

ಅನಂತರ ಎಚ್ಚರ ಬಂತು. 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು, ಕ್ಷಾಮ ಸಂಹಿತೆ ಬಂತು, ಧಾನ್ಯ ಸಾಗಿಸಲು ಈ ಭಾಗಕ್ಕೆ ರೈಲು ಬಂತು. 19ನೇ ಶತಮಾನದ ಕೊನೆಯಲ್ಲಿ ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆದರು. 1972ರಲ್ಲಿ ಮತ್ತೆ ಭೀಕರ ಬರ ಬಿತ್ತು. ಆದರೂ 1877ರಂತೆ ಲಕ್ಷ ಲಕ್ಷ ಜನ ಸಾಯಲಿಲ್ಲ. ದೇವರ ಹೆಸರಿಗೆ ಬರೆದಿದ್ದ ಸಾಲದಲ್ಲಿ ದೊಡ್ಡ ಪಾಲು ನಮ್ಮದಾಗಿತ್ತು ಎಂಬುದನ್ನು ಚರಿತ್ರೆ ಹೀಗೆ ತೋರಿಸಿಕೊಟ್ಟಿತು. ಹತ್ತರಗಿಯ ಆ ಗೋಡೆಯೂ ಇಟ್ಟಿಗೆ ಸಿಮೆಂಟಿನದಾಗಿದ್ದರೆ? ಬಡವರ ಗೋಡೆಯೇ ಮೊದಲು ಬೀಳುವುದು ದೇವರ ಕಟ್ಟಳೆಯಲ್ಲ.

ಉಳಿದ ಪಾಲು

ಆದರೆ, ಪ್ರಿಯರೇ, ಎಲ್ಲವನ್ನೂ ಮನುಷ್ಯರ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಂಡರೆ ಅದೂ ಪ್ರಾಮಾಣಿಕವಲ್ಲ. 2004ರ ಡಿಸೆಂಬರ್ 26, ಕ್ರಿಸ್ತಜಯಂತಿಯ ಮರುದಿನದ ಭಾನುವಾರ, ವೇಳಾಂಗಣಿಗೆ ಸುನಾಮಿ ಬಂತು. ಮಾತೆಯ ದೇವಾಲಯದೊಳಗಿದ್ದವರು ಉಳಿದರು. ಅದನ್ನು ಪವಾಡವೆಂದು ನಾವೆಲ್ಲ ಹೇಳಿಕೊಂಡೆವು. ಆದರೆ ಕಡಲತೀರದಲ್ಲಿ ನೂರಾರು ಯಾತ್ರಿಕರು ಸತ್ತರು. ಅವರೂ ಅದೇ ಮಾತೆಯನ್ನು ನೋಡಲು ಬಂದವರು. ಒಳಗಿದ್ದವರು ಹೆಚ್ಚು ಪ್ರಿಯರು, ಹೊರಗಿದ್ದವರು ಕಡಿಮೆ ಪ್ರಿಯರು ಎನ್ನಲು ಯಾರಿಗೆ ನಾಲಿಗೆ ಏಳುತ್ತದೆ?

ಭೂಮಿ ಚಲಿಸುವುದರಿಂದಲೇ ಬೆಟ್ಟಗಳು ಎದ್ದವು, ನೆರೆ ತಂದ ಮುಂಗಾರೇ ನಮ್ಮ ಹೊಲಗಳಿಗೆ ಕಬ್ಬು, ಜೋಳ ಕೊಡುತ್ತದೆ ಎಂದು ಹೇಳಬಹುದು. ಅದು ಸುಳ್ಳಲ್ಲ. ಆದರೆ ಮೊಮ್ಮಗನನ್ನು ಕಳೆದುಕೊಂಡವರಿಗೆ ಅದು ಸಾಂತ್ವನವೂ ಅಲ್ಲ. ಇಲ್ಲಿ ಒಂದು ಪಾಲು ಉತ್ತರವಿಲ್ಲದೆ ಉಳಿಯುತ್ತದೆ. ಜಪಾನಿನ ಭೂಕಂಪದ ನಂತರ, 2011ರ ಶುಭಶುಕ್ರವಾರ, ಏಳು ವರ್ಷದ ಜಪಾನಿ ಬಾಲಕಿಯೊಬ್ಬಳು ಟಿವಿ ಕಾರ್ಯಕ್ರಮದಲ್ಲಿ ಜಗದ್ಗುರು 16ನೇ ಬೆನೆಡಿಕ್ಟರಿಗೆ ಇದೇ ಪ್ರಶ್ನೆ ಹಾಕಿದಳು. ತಮಗೂ ಅದೇ ಪ್ರಶ್ನೆ ಇದೆ, ಉತ್ತರಗಳಿಲ್ಲ, ಆದರೆ ಯೇಸುವೂ ನಿನ್ನಂತೆಯೇ ನಿರಪರಾಧಿಯಾಗಿ ನೊಂದರು ಎಂಬ ಅರ್ಥದ ಮಾತು ಹೇಳಿದರು. ದೈವಶಾಸ್ತ್ರದ ಪಂಡಿತರಾದ ಜಗದ್ಗುರುಗಳೇ ಉತ್ತರವಿಲ್ಲ ಎಂದು ಒಪ್ಪಿಕೊಂಡಾಗ, ನಾವು ಅಜ್ಜಿಯ ಮುಂದೆ ಅಷ್ಟು ಅವಸರ ಮಾಡಿದ್ದೇಕೆ?

ಯೋಬನ ಗ್ರಂಥ ಇದನ್ನೇ ಕಲಿಸುತ್ತದೆ. ಅವನ ಸ್ನೇಹಿತರು ಏಳು ದಿನ ಮಾತಿಲ್ಲದೆ ಅವನೊಂದಿಗೆ ನೆಲದ ಮೇಲೆ ಕುಳಿತರು. ಆ ಏಳು ದಿನ ಅವರು ನಿಜವಾದ ಸ್ನೇಹಿತರಾಗಿದ್ದರು. ಬಾಯಿ ತೆರೆದು ದೇವರ ಪರವಾಗಿ ವಾದಿಸತೊಡಗಿದಾಗ ಕೆಟ್ಟರು. ಕೊನೆಗೆ ದೇವರು ಸಿಟ್ಟಾದದ್ದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ಉತ್ತರ ಕೊಟ್ಟ ಸ್ನೇಹಿತರ ಮೇಲೆ. ಲಾಜರನ ಸಮಾಧಿಯ ಬಳಿ, ನೀವು ಇಲ್ಲಿದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ ಎಂದು ಅಕ್ಕಂದಿರು ದೂರಿದಾಗಲೂ ಪ್ರಭು ಗದರಿಸಲಿಲ್ಲ. ಪುನರುತ್ಥಾನದ ಭರವಸೆ ಕೊಟ್ಟರು, ಆದರೂ ಕಣ್ಣೀರಿಟ್ಟರು. ನಮ್ಮ ವಿಶ್ವಾಸ ನಿಂತಿರುವುದು ಇಲ್ಲಿಯೇ. ನಮ್ಮ ದೇವರು ಗೋಡೆಯ ಆಚೆ ನಿಂತು ಕೆಡವಿದವರಲ್ಲ. ಶಿಲುಬೆಯ ಮೇಲೆ ತಾವೇ ‘ಏಕೆ’ ಎಂದು ಕೂಗಿ, ಉತ್ತರ ಕೇಳಿಸದೆ ಪ್ರಾಣಬಿಟ್ಟು, ಮೂರನೆಯ ದಿನ ಗಾಯದ ಗುರುತುಗಳೊಂದಿಗೇ ಎದ್ದುಬಂದವರು. ಗೋಡೆ ಕುಸಿದಾಗ ಅವರು ಆ ಮಗುವಿನ ಪಕ್ಕದಲ್ಲಿದ್ದರು ಎಂದು ನಾವು ನಂಬುತ್ತೇವೆ. ಇದನ್ನು ರುಜುವಾತು ಮಾಡಲು ನಮ್ಮಿಂದಾಗದು.

ಆ ವರ್ಷದ ನವೆಂಬರ್ 2ರಂದು ನಾವು ಮತ್ತೆ ಅಜ್ಜಿಯ ಬಳಿಗೆ ಹೋದೆವು. ಸಣ್ಣ ಸಮಾಧಿಯ ಪಕ್ಕ ಕುಳಿತಿದ್ದರು. “ಅವ್ವಾ, ಅಂದು ತಪ್ಪು ಮಾತಾಡಿದೆವು. ನಿಮ್ಮ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇಲ್ಲ” ಎಂದೆವು. ಅಜ್ಜಿ ಸ್ವಲ್ಪ ಸರಿದು, “ಕುಂದರ್ರಿ ಫಾದರ್” ಎಂದರು. ಮೇಣದಬತ್ತಿ ಗಾಳಿಗೆ ಆರದಂತೆ ಇಬ್ಬರೂ ಕೈ ಅಡ್ಡ ಹಿಡಿದು ಕುಳಿತೆವು. ಪ್ರಾರ್ಥನೆಯನ್ನು ಅವರೇ ಆರಂಭಿಸಿದರು.

ಪ್ರಿಯ ಕುಟುಂಬಗಳೇ, ಈ ಹಬ್ಬದಲ್ಲಿ ಎರಡು ನಿರ್ಧಾರ ಮಾಡೋಣ. ಸಾವಿನ ಮನೆಯಲ್ಲಿ ‘ದೇವರ ಚಿತ್ತ’ ಎಂದು ಬೇಗ ಹೇಳದಿರೋಣ, ಮೊದಲು ಜೊತೆಗೆ ಕುಳಿತುಕೊಳ್ಳೋಣ. ಮುಂದಿನ ಮಳೆಗಾಲಕ್ಕೆ ಮುಂಚೆ, ನಮ್ಮ ಧರ್ಮಕೇಂದ್ರದಲ್ಲಾಗಲಿ ನೆರೆಯಲ್ಲಾಗಲಿ, ಯಾವ ಜಾತಿ ಯಾವ ಮತದವರೇ ಇರಲಿ, ಯಾರ ಗೋಡೆ ಬಿರುಕು ಬಿಟ್ಟಿದೆ ಎಂದು ನೋಡಿ ಕೈಜೋಡಿಸೋಣ. ನಮ್ಮ ಪಾಲಿನದನ್ನು ನಾವು ಮಾಡಿ, ಉತ್ತರವಿಲ್ಲದೆ ಉಳಿದದ್ದನ್ನು ಶಿಲುಬೆಯ ಬುಡದಲ್ಲಿಡೋಣ. ಅಗಲಿದ ಸಕಲರಿಗೂ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಆಮೆನ್.